ಚಿಕ್ಕ ಕೈಗೆ ದಪ್ಪ ಹಿಡಿಯ ಚಾಕು: ಉಜ್ಜುವುದಾ, ಹಿಡಿ ಬದಲಿಸುವುದಾ, ಬೇರೆ ಚಾಕು ಕೊಳ್ಳುವುದಾ?

8 ಇಂಚಿನ ಅಡುಗೆ ಚಾಕುಗಳಲ್ಲಿ ಹೆಚ್ಚಿನವಕ್ಕೆ ಹಿಡಿ ದಪ್ಪ. ಅಂಗೈ ಚಿಕ್ಕದಿರುವವರು ಹಿಡಿದರೆ ಬೆರಳುಗಳು ಸುತ್ತಿ ಬಂದು ಸರಿಯಾಗಿ ಕೂರುವುದಿಲ್ಲ. ಚಾಕು ತಿರುಗಿಬಿಡಬಾರದು ಅಂತ ಕೈ ತಾನಾಗಿಯೇ ಜೋರಾಗಿ ಹಿಸುಕುತ್ತದೆ. ಅರ್ಧ ಕೆಜಿ ಹುರುಳಿಕಾಯಿ ಹೆಚ್ಚಿ ಮುಗಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯಲು ಶುರುವಾಗಿರುತ್ತದೆ. ಸಿಹಿಗುಂಬಳವೋ ಸುವರ್ಣಗೆಡ್ಡೆಯೋ ಆದರಂತೂ ಚಾಕು ಕೈಯೊಳಗೇ ಹೊರಳುತ್ತದೆ. ಗಾಯಗಳಾಗುವುದು ಅಂಥ ಹೊತ್ತಿನಲ್ಲೇ.

ಈಳಿಗೆ ಮಣೆಯಲ್ಲಿ ಈ ತೊಂದರೆ ಇಲ್ಲ. ಅಲಗು ಮಣೆಗೆ ಭದ್ರವಾಗಿರುತ್ತದೆ, ಮಣೆ ಕಾಲಿನ ಕೆಳಗಿರುತ್ತದೆ, ಎರಡೂ ಕೈ ತರಕಾರಿ ಹಿಡಿಯುತ್ತವೆ. ನಿಂತು ಅಡುಗೆ ಮಾಡುವ ಕಟ್ಟೆಗೆ ಚಾಕು ಬೇಕಾಯಿತು, ಅದರ ಜೊತೆ ಹಿಡಿಯ ಅಳತೆಯ ಪ್ರಶ್ನೆಯೂ ಬಂತು. ಆದರೆ ಅಂಗಡಿಯಲ್ಲಿ ನಾವು ಅಲಗು ನೋಡುತ್ತೇವೆ, ಬ್ರ್ಯಾಂಡ್ ನೋಡುತ್ತೇವೆ. ಹಿಡಿಯ ಸುತ್ತಳತೆ ಯಾರೂ ನೋಡುವುದಿಲ್ಲ. ಚಪ್ಪಲಿಗೆ ನಂಬರ್ ಇದೆ, ಚಾಕುವಿನ ಹಿಡಿಗೆ ಇಲ್ಲ.

ಹಿಡಿ ಮರದ್ದಾಗಿದ್ದರೆ ಬೆಂಗಳೂರಿನಲ್ಲಿ ಇದಕ್ಕೆ ಹಲವು ದಾರಿಗಳಿವೆ. ಮನೆಯಲ್ಲೇ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬಹುದು. ಬಡಗಿಗೆ ಕೊಡಬಹುದು. ಹಳೆಯ ಹಿಡಿ ತೆಗೆಸಿ ಹೊಸದು ಕೂರಿಸಬಹುದು. ಬೇರೆ ಚಾಕುವನ್ನೇ ಕೊಳ್ಳಬಹುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಎಂಟು ಚಾಕುಗಳಿಗೆ ಮನೆಯಲ್ಲಿ ಕೈಯಲ್ಲೇ ಉಜ್ಜುವುದು ಸಾಕು. ಅದೂ ಹಿಡಿಯ ದಪ್ಪ ಕಡಿಮೆ ಮಾಡುವುದಲ್ಲ, ಮೂಲೆಗಳನ್ನು ದುಂಡಗೆ ಮಾಡುವುದು. ಯಾಕೆ ಅಂತ ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ಎಲ್ಲಿ ಒತ್ತುತ್ತಿದೆ ಅಂತ ಮೊದಲು ನೋಡಿ

ಒಂದು ಸುಲಭದ ಪರೀಕ್ಷೆ ಇದೆ. ಒಣಗಿದ ಹಿಡಿಗೆ ತೆಳ್ಳಗೆ ಅಕ್ಕಿಹಿಟ್ಟು ಸವರಿ. ಕೈಯನ್ನು ಸ್ವಲ್ಪವೇ ಒದ್ದೆ ಮಾಡಿಕೊಂಡು, ಯಾವಾಗಲೂ ಹಿಡಿಯುವ ಹಾಗೆ ಚಾಕು ಹಿಡಿಯಿರಿ. ಒಂದು ಕ್ಯಾರೆಟ್‌ನ ನಾಲ್ಕು ತುಂಡು ಹೆಚ್ಚಿ, ಮೆಲ್ಲಗೆ ಕೈ ಬಿಡಿಸಿ ನೋಡಿ. ಹಿಟ್ಟು ಅಂಗೈಗೆ ಅಂಟಿಬಂದು ಮರ ಕಾಣಿಸುವ ಕಡೆ ಕೈ ಒತ್ತುತ್ತಿದೆ. ಹಿಟ್ಟು ಹಾಗೇ ಉಳಿದ ಕಡೆ ಕೈ ತಾಗುತ್ತಲೇ ಇಲ್ಲ.

ಚಿಕ್ಕ ಕೈಯವರು ಇದನ್ನು ಮಾಡಿದರೆ ಹೆಚ್ಚಿನ ಸಲ ಕಾಣುವುದು ಒಂದೇ ಚಿತ್ರ. ಹಿಡಿಯ ನಾಲ್ಕು ಮೂಲೆಗಳ ಉದ್ದಕ್ಕೆ ಮರ ಬರಿದಾಗಿರುತ್ತದೆ. ಎರಡು ಪಕ್ಕದ ಚಪ್ಪಟೆ ಜಾಗದಲ್ಲಿ ಹಿಟ್ಟು ಹಾಗೇ ಕೂತಿರುತ್ತದೆ. ಅಂದರೆ ನಿಮ್ಮ ಕೈ ಹಿಡಿಯನ್ನು ಪೂರ್ತಿ ಹಿಡಿದೇ ಇಲ್ಲ, ನಾಲ್ಕು ಗೆರೆಗಳ ಮೇಲೆ ನೇತಾಡುತ್ತಿದೆ. ಅದಕ್ಕೇ ನೋವು.

ಇನ್ನು ಕೆಲವರಿಗೆ ಕಿರುಬೆರಳಿನ ಹತ್ತಿರ ಬರಿದಾಗುತ್ತದೆ. ಹಿಡಿಯ ಹಿಂದಿನ ತುದಿಯಲ್ಲಿ ಕೆಳಕ್ಕೆ ಬಾಗಿದ ಕೊಕ್ಕೆ ಇರುತ್ತದಲ್ಲ, ಅದು ದೊಡ್ಡ ಕೈಯಲ್ಲಿ ಕಿರುಬೆರಳಿನ ಆಚೆ ಬೀಳುತ್ತದೆ, ಚಿಕ್ಕ ಕೈಯಲ್ಲಿ ಅಂಗೈಯ ಕೆಳಗೇ ಬಂದು ಚುಚ್ಚುತ್ತದೆ. ಮತ್ತೆ ಕೆಲವರಿಗೆ ಮುಂದೆ, ತೋರುಬೆರಳು ಕೂರುವ ಜಾಗ ತುಂಬಾ ಎತ್ತರ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಸುಮ್ನೆ "ದಪ್ಪ ಇದೆ" ಅಂತ ಎಲ್ಲ ಕಡೆ ಉಜ್ಜಿದರೆ ಮರ ಹೋಗುತ್ತದೆ, ನೋವು ಉಳಿಯುತ್ತದೆ.

ಅಳತೆಯನ್ನೂ ತೆಗೆದುಕೊಳ್ಳಿ. ಹಿಡಿಯ ಮಧ್ಯಕ್ಕೆ ಒಂದು ದಾರ ಸುತ್ತಿ, ಆ ದಾರವನ್ನು ಸ್ಕೇಲ್ ಮೇಲೆ ಇಟ್ಟರೆ ಸುತ್ತಳತೆ ಸಿಕ್ಕಿತು. ನಂತರ ಮನೆಯಲ್ಲಿ ನಿಮ್ಮ ಕೈಗೆ ಹಿತವೆನಿಸುವ ಬೇರೊಂದು ಹಿಡಿಯನ್ನು ಹುಡುಕಿ. ದೋಸೆ ಮಗುಚುವ ಕೈ ಇರಬಹುದು, ಹಳೆಯ ಸ್ಕ್ರೂಡ್ರೈವರ್ ಇರಬಹುದು. ಅದರ ಸುತ್ತಳತೆಯನ್ನೂ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನೀವು ಕಡಿಮೆ ಮಾಡಬೇಕಾದ್ದು. 8–10 ಮಿಲಿಮೀಟರ್ ಒಳಗಿದ್ದರೆ ಉಜ್ಜಿದರೆ ಆಗುತ್ತದೆ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಮಾತ್ರ ಹೊಸ ಹಿಡಿಯ ಯೋಚನೆ ಮಾಡಿ.

ಇನ್ನೊಂದನ್ನು ಖರ್ಚಿಲ್ಲದೆ ಪ್ರಯತ್ನಿಸಬಹುದು: ಹಿಡಿಯುವ ರೀತಿ. ಹೋಟೆಲ್ ಅಡುಗೆಯವರು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಹೆಬ್ಬೆರಳು ಒಂದು ಕಡೆ, ಮಡಿಸಿದ ತೋರುಬೆರಳು ಇನ್ನೊಂದು ಕಡೆ, ಅಲಗಿನ ಬುಡವನ್ನೇ ಚಿವುಟಿದ ಹಾಗೆ ಹಿಡಿಯುತ್ತಾರೆ. ಉಳಿದ ಮೂರು ಬೆರಳು ಹಿಡಿಯ ಮೇಲೆ ಸುಮ್ಮನೆ ಒರಗಿರುತ್ತವೆ. ಹೀಗೆ ಹಿಡಿದರೆ ಹಿಡಿಯ ದಪ್ಪ ಅಷ್ಟಾಗಿ ಬಾಧಿಸುವುದಿಲ್ಲ. ಒಂದೆರಡು ವಾರ ರೂಢಿ ಮಾಡಿ ನೋಡಿ. ಅಲಗಿನ ಬೆನ್ನಿನ ಅಂಚು ತೋರುಬೆರಳಿಗೆ ಕೊರೆಯುತ್ತಿದ್ದರೆ, 400 ನಂಬರಿನ ಎಮರಿ ಪೇಪರ್‌ನಿಂದ ಆ ಬೆನ್ನನ್ನು ಸ್ವಲ್ಪ ನುಣುಪು ಮಾಡಿಕೊಂಡರೆ ಆಯಿತು. ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಆದರೆ ಕೀಲುನೋವು ಇರುವವರಿಗೆ ಚಿವುಟಿ ಹಿಡಿಯುವುದು ಕಷ್ಟ. ಅವರಿಗೆ ಮುಷ್ಟಿಯೇ ಸರಿ, ಹಿಡಿಯೇ ಬದಲಾಗಬೇಕು.

ಹಿಡಿಯೊಳಗೆ ಕಬ್ಬಿಣ ಎಲ್ಲಿದೆ?

ಯಾವ ದಾರಿ ಅಂತ ತೀರ್ಮಾನ ಮಾಡುವುದು ಮರವಲ್ಲ, ಮರದೊಳಗಿನ ಕಬ್ಬಿಣ. ಚಾಕುವನ್ನು ಮೇಲಿನಿಂದ ನೋಡಿ. ಹಿಡಿಯ ಉದ್ದಕ್ಕೂ ಎರಡು ಮರದ ಹೋಳುಗಳ ನಡುವೆ ಕಬ್ಬಿಣದ ಪಟ್ಟಿ ಕಾಣುತ್ತಿದೆಯಾ? ಪಕ್ಕದಲ್ಲಿ ಎರಡೋ ಮೂರೋ ರಿವಿಟ್ ಇವೆಯಾ? ಹಾಗಿದ್ದರೆ ಪಟ್ಟಿ ಹಿಡಿಯಷ್ಟೇ ಎತ್ತರ, ಹಿಡಿಯಷ್ಟೇ ಉದ್ದ. ಇಂಥ ಚಾಕುವಿನಲ್ಲಿ ಪಕ್ಕದ ದಪ್ಪ ಮತ್ತು ಮೂಲೆಗಳು ನಿಮ್ಮ ಕೈಯಲ್ಲಿವೆ. ಎತ್ತರ ಇಲ್ಲ. ಎತ್ತರ ತಗ್ಗಿಸಬೇಕೆಂದರೆ ಉಕ್ಕನ್ನೇ ಸವೆಸಬೇಕು. ಗಡಸು ಮಾಡಿದ ಉಕ್ಕಿನ ಮೇಲೆ ಸಾಮಾನ್ಯ ಅರ ಜಾರುತ್ತದೆ, ಹಿಡಿಯುವುದೇ ಇಲ್ಲ.

ಪಟ್ಟಿ ಕಾಣದೆ, ಮರದೊಳಗೆ ಕಬ್ಬಿಣ ತೂರಿಕೊಂಡ ಹಾಗಿದ್ದರೆ ಅದು ಇನ್ನೊಂದು ಬಗೆ. ಜಪಾನಿನ ಚಾಕುಗಳು ಹೆಚ್ಚಾಗಿ ಹೀಗಿರುತ್ತವೆ, ನಮ್ಮ ಸಂತೆಗಳಲ್ಲಿ ಸಿಗುವ ಚಾಕು ಕುಡುಗೋಲುಗಳೂ ಹೀಗೇ. ಇದರಲ್ಲಿ ಎಲ್ಲ ಕಡೆಯಿಂದಲೂ ಮರ ತೆಗೆಯಬಹುದು, ಮಧ್ಯದ ಕಬ್ಬಿಣ ಬಯಲಾಗುವವರೆಗೆ. ಹಿಡಿ ಪೂರ್ತಿ ಬದಲಿಸುವುದಕ್ಕೂ ಇದೇ ಸುಲಭ.

ರಿವಿಟ್ ವಿಷಯ ಬಹಳ ಮುಖ್ಯ, ಆದರೆ ಇದನ್ನು ಯಾರೂ ಹೇಳುವುದಿಲ್ಲ. ಕೆಲವು ಚಾಕುಗಳಲ್ಲಿ ಇರುವುದು ಗಟ್ಟಿ ಹಿತ್ತಾಳೆ ಅಥವಾ ಸ್ಟೀಲ್ ಕಡ್ಡಿ, ಈ ಕಡೆಯಿಂದ ಆ ಕಡೆಗೆ ಒಂದೇ ದಪ್ಪ. ಮರ ಅಂಟಿನಿಂದ ನಿಂತಿರುತ್ತದೆ, ಕಡ್ಡಿ ಆಸರೆಗೆ. ಅದನ್ನು ಮರದ ಜೊತೆಗೇ ಉಜ್ಜಿದರೂ ಏನೂ ಆಗುವುದಿಲ್ಲ. ಆದರೆ ಕಾರ್ಖಾನೆಯ ಚಾಕುಗಳಲ್ಲಿ ರಿವಿಟ್‌ಗೆ ಅಗಲವಾದ ತಲೆ ಇರುವುದೇ ಜಾಸ್ತಿ. ಆ ತಲೆಯೇ ಮರವನ್ನು ಒತ್ತಿ ಹಿಡಿದಿರುತ್ತದೆ. ತಲೆ ಸವೆದು ಹೋದರೆ ಹಿಡಿ ಸಡಿಲವಾಗುತ್ತದೆ. ಹೊರಗಿನಿಂದ ನೋಡಿ ಯಾವುದು ಅಂತ ಹೇಳುವುದು ಕಷ್ಟ. ಅದಕ್ಕೇ ನಾನು ಹೇಳುವುದು: ರಿವಿಟ್ ಇರುವ ಪಕ್ಕವನ್ನು ಬಿಡಿ, ಮೂಲೆಗೆ ಹೋಗಿ.

ಇನ್ನು ಮರ ನಿಜವಾಗಿ ಮರವೇ ಅಂತಲೂ ನೋಡಿಕೊಳ್ಳಿ. ತೆಳು ಮರದ ಪದರಗಳಿಗೆ ಬಣ್ಣ ಮತ್ತು ರಾಳ ಕುಡಿಸಿ ಒತ್ತಿದ ಪಕ್ಕಾವುಡ್ ಇವತ್ತು ಬಹಳ ಚಾಕುಗಳಲ್ಲಿ ಬರುತ್ತದೆ. ನೋಡಲು ಬೀಟೆಯ ಹಾಗೇ ಇರುತ್ತದೆ. ಅದನ್ನೂ ಉಜ್ಜಬಹುದು, ಗಟ್ಟಿ ಇರುವುದರಿಂದ ಹೊತ್ತು ಹಿಡಿಯುತ್ತದೆ ಅಷ್ಟೇ. ಕೊನೆಯಲ್ಲಿ ಎಣ್ಣೆ ಕುಡಿಸುವ ಅಗತ್ಯ ಇಲ್ಲ, ಅದು ಕುಡಿಯುವುದೂ ಇಲ್ಲ. ಹಿಡಿ ಪ್ಲಾಸ್ಟಿಕ್ ಆಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮನೆಯಲ್ಲೇ ಉಜ್ಜುವುದು

ಮೂಲೆಯ ಲೆಕ್ಕ ಈಗ ನೋಡೋಣ. ಹಿಡಿ 20 ಮಿಮೀ ದಪ್ಪ, 28 ಮಿಮೀ ಎತ್ತರ, ಮೂಲೆಗಳು ಹೆಚ್ಚು ಕಡಿಮೆ ಚೌಕ ಅಂದುಕೊಳ್ಳಿ. ಸುತ್ತಳತೆ 96 ಮಿಮೀ. ಎರಡೂ ಪಕ್ಕದಿಂದ ಒಂದೊಂದು ಮಿಮೀ ಮರ ತೆಗೆದರೆ ಸುತ್ತಳತೆ 92 ಆಗುತ್ತದೆ. ಕಡಿಮೆಯಾದದ್ದು ಬರೀ 4 ಮಿಮೀ, ಅದೂ ರಿವಿಟ್ ತಲೆ ಸವೆಸಿ. ಅದರ ಬದಲು ಪಕ್ಕ ಮುಟ್ಟದೆ, ನಾಲ್ಕು ಮೂಲೆಗಳನ್ನು 6 ಮಿಮೀ ತ್ರಿಜ್ಯಕ್ಕೆ ದುಂಡಗೆ ಮಾಡಿದರೆ ಸುತ್ತಳತೆ ಸುಮಾರು 10 ಮಿಮೀ ಇಳಿಯುತ್ತದೆ. ದಪ್ಪ ಅಷ್ಟೇ, ಎತ್ತರ ಅಷ್ಟೇ, ರಿವಿಟ್ ಹಾಗೇ. ಕೈಗೆ ಮಾತ್ರ ಬೇರೆಯೇ ಚಾಕು. ಮೂಲೆ ಮೊದಲು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಸಾಮಾನು ಹೆಚ್ಚೇನೂ ಬೇಡ. ಮರ ಸವೆಸುವ ಒಂದು ಅರ, 80, 120, 180, 240 ನಂಬರಿನ ಸ್ಯಾಂಡ್‌ಪೇಪರ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಒಂದು ಸಿ ಕ್ಲಾಂಪ್. ನಿಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸ್ಯಾಂಡ್‌ಪೇಪರ್ ಸಿಗುತ್ತದೆ. ಒಳ್ಳೆಯ ಅರ ಬೇಕೆಂದರೆ ಎಸ್‌ಜೆಪಿ ರಸ್ತೆಗೆ ಹೋಗುವುದು ಮೇಲು. ಅಲ್ಲಿ ನಾಲ್ಕು ಅಂಗಡಿ ಸುತ್ತಿ, ಕೈಯಲ್ಲಿ ಹಿಡಿದು ನೋಡಿ ಆರಿಸಬಹುದು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಅರ್ಧ ದುಂಡಗಿರುವ ಅರ ತನ್ನಿ. ತೋರುಬೆರಳಿನ ಕುಳಿ ಮಾಡಲು ಆ ದುಂಡು ಭಾಗ ಬೇಕಾಗುತ್ತದೆ.

ಮೊದಲ ಕೆಲಸ ಅಲಗನ್ನು ಮುಚ್ಚುವುದು. ದಪ್ಪ ರಟ್ಟು ಮಡಿಸಿ ಅಲಗಿಗೆ ತೊಡಿಸಿ, ಮೇಲೆ ಟೇಪ್ ಸುತ್ತಿ. ನಂತರ ಅಲಗನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ಕ್ಲಾಂಪ್‌ನಿಂದ ಮೇಜಿನ ಅಂಚಿಗೆ ಬಿಗಿಯಿರಿ, ಹಿಡಿ ಹೊರಗೆ ಚಾಚಿರಲಿ. ಅಲಗನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಉಜ್ಜುವ ಕೆಲಸ ಬೇಡವೇ ಬೇಡ.

ಈಗ ಗೆರೆ. ಪ್ರತಿ ಮೂಲೆಯಿಂದ ಮೂರೂವರೆ ಮಿಮೀ ದೂರದಲ್ಲಿ, ಪಕ್ಕದ ಮೇಲೊಂದು, ಮೇಲ್ಭಾಗದ ಮೇಲೊಂದು ಪೆನ್ಸಿಲ್ ಗೆರೆ ಉದ್ದಕ್ಕೂ ಎಳೆಯಿರಿ. ಅರದ ಚಪ್ಪಟೆ ಭಾಗದಿಂದ ಆ ಎರಡು ಗೆರೆಗಳ ನಡುವಿನ ಮೂಲೆಯನ್ನು ಓರೆಯಾಗಿ ತೆಗೆಯಿರಿ, ಎರಡೂ ಗೆರೆ ಮುಟ್ಟುವವರೆಗೆ. ನಾಲ್ಕೂ ಮೂಲೆ ಆದ ಮೇಲೆ ಹಿಡಿಗೆ ಎಂಟು ಮುಖ ಬಂದಿರುತ್ತದೆ. ಇಲ್ಲಿ ನಿಲ್ಲಿಸಿ, ಟೇಪ್ ಬಿಚ್ಚದೆಯೇ ಒಮ್ಮೆ ಹಿಡಿದು ನೋಡಿ. ಕೆಲವರಿಗೆ ಈ ಎಂಟು ಮುಖವೇ ಹಿತವಾಗುತ್ತದೆ. ಬೆರಳಿಗೆ ಹಿಡಿತ ಸಿಗುತ್ತದೆ, ಅಲಗು ಯಾವ ಕಡೆಗಿದೆ ಅಂತ ನೋಡದೆಯೇ ಗೊತ್ತಾಗುತ್ತದೆ. ದುಂಡಗೇ ಬೇಕೆಂದರೆ ಹೊಸದಾಗಿ ಹುಟ್ಟಿದ ಅಂಚುಗಳನ್ನು ಅರದಿಂದ ಮೆಲ್ಲಗೆ ಮುರಿಯಿರಿ. ಆಮೇಲೆ 80 ನಂಬರಿನ ಕಾಗದವನ್ನು ಒಂದು ಇಂಚು ಅಗಲದ ಪಟ್ಟಿಯಾಗಿ ಕತ್ತರಿಸಿ, ಹಿಂದೆ ಟೇಪ್ ಅಂಟಿಸಿ. ಎರಡೂ ತುದಿ ಹಿಡಿದು ಹಿಡಿಯ ಮೇಲೆ ಅಡ್ಡಡ್ಡ ಎಳೆದಾಡಿಸಿದರೆ ಅಂಚುಗಳು ಒಂದರೊಳಗೊಂದು ಕರಗಿ ದುಂಡು ತಾನಾಗಿಯೇ ಬರುತ್ತದೆ.

ಎರಡೂ ಕಡೆ ಸಮ ಬರುವುದು ಹೇಗೆ? ಉಜ್ಜುವ ಜಾಗಕ್ಕೆಲ್ಲ ಪೆನ್ಸಿಲ್‌ನಿಂದ ಅಡ್ಡಗೆರೆ ಗೀಚಿ. ಗೀಚು ಪೂರ್ತಿ ಅಳಿಸಿಹೋದಾಗ ಒಂದು ಸುತ್ತು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಒಂದೇ ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಬೇಡಿ. ಸುತ್ತು ಬದಲಾದಾಗಲೆಲ್ಲ ಕಣ್ಣು ಮುಚ್ಚಿ ಹಿಡಿದು ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಿಳಿಯುತ್ತದೆ.

ತೋರುಬೆರಳು ಕೂರುವ ಕಡೆ ಅಲಗಿಗೆ ಹತ್ತಿರ ಒಂದು ಸ್ಟೀಲ್ ಗಂಟು ಇದ್ದರೆ ಹುಷಾರು. ಗಂಟಿನ ಪಕ್ಕದಲ್ಲೇ ಮರ ತಗ್ಗಿಸಿದರೆ ಅಲ್ಲೊಂದು ಮೆಟ್ಟಿಲು ನಿಲ್ಲುತ್ತದೆ. ಅದು ಬೆರಳಿಗೆ ಕೊರೆಯುತ್ತದೆ, ಅದರೊಳಗೆ ಕೊಳೆಯೂ ಕೂರುತ್ತದೆ. ಗಂಟಿನಿಂದ ಅರ್ಧ ಇಂಚು ಹಿಂದಿನಿಂದ ಶುರು ಮಾಡಿ, ಇಳಿಜಾರು ಗಂಟಿಗೆ ಬಂದು ಸೇರುವಾಗ ಎರಡೂ ಒಂದೇ ಮಟ್ಟದಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಹಿಂದಿನ ಕೊಕ್ಕೆ ಒತ್ತುತ್ತಿದ್ದರೆ ಅದರ ಒಳಗಿನ ಅಂಚನ್ನು ಅರದ ದುಂಡು ಭಾಗದಿಂದ ಮೆತ್ತಗೆ ಮಾಡಿ, ಕೊಕ್ಕೆಯನ್ನೇ ಕತ್ತರಿಸುವುದು ಬೇಡ. ಒದ್ದೆ ಕೈಯಲ್ಲಿ ಚಾಕು ಜಾರದ ಹಾಗೆ ತಡೆಯುವುದು ಅದೇ.

ದೂಳಿನ ಬಗ್ಗೆ ಒಂದು ಮಾತು. ಬೀಟೆಯ ದೂಳು ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಸಿರಾಟದ ಅಲರ್ಜಿ ತರುತ್ತದೆ. ಪಕ್ಕಾವುಡ್ ದೂಳಿನಲ್ಲಿ ರಾಳ ಇರುತ್ತದೆ. ಎನ್95 ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲೋ ಮಹಡಿಯ ಮೇಲೋ ಕೂತು ಮಾಡಿ. ಅಡುಗೆಮನೆಯಲ್ಲಿ ಬೇಡ.

ಬಡಗಿಗೆ ಕೊಟ್ಟರೆ

ಮನೆಯಲ್ಲಿ ಮಾಡಲು ಹೊತ್ತಿಲ್ಲ, ಕೈಗೆ ಶಕ್ತಿ ಇಲ್ಲ ಅಂದರೆ ಹತ್ತಿರದ ಬಡಗಿ ಒಳ್ಳೆಯ ಆಯ್ಕೆ. ಬೆಂಗಳೂರಿನಲ್ಲಿ ಎಲ್ಲಾದರೂ ಒಂದು ಮನೆಗೆ ವಾರ್ಡ್‌ರೋಬ್ ಕೆಲಸ ನಡೆಯುತ್ತಲೇ ಇರುತ್ತದೆ. ಅವರಿಗೆ ಇದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಆದರೆ ಏನು ಬೇಕು ಅನ್ನುವುದನ್ನು ನೀವೇ ಪೆನ್ಸಿಲ್‌ನಲ್ಲಿ ಬರೆದುಕೊಂಡು ಹೋಗಬೇಕು. "ಸ್ವಲ್ಪ ಸಣ್ಣ ಮಾಡಿಕೊಡಿ" ಅಂದರೆ ಅವರು ಎಲ್ಲ ಕಡೆ ಸಮನಾಗಿ ತೆಗೆಯುತ್ತಾರೆ, ತಪ್ಪು ಅವರದಲ್ಲ. ನಾನು ಹೇಳುವುದು ಹೀಗೆ:

"ಆಚಾರ್ರೇ, ದಪ್ಪ ಕಡಿಮೆ ಮಾಡೋದು ಬೇಡ. ಈ ನಾಲ್ಕು ಮೂಲೆ ಮಾತ್ರ ಗೆರೆವರೆಗೆ ತೆಗೀರಿ. ರಿವಿಟ್ ಮುಟ್ಟಬೇಡಿ. ಕೊನೆಗೆ ಪಾಲಿಶ್ ಹೊಡೀಬೇಡಿ."

"ಅಷ್ಟೇನಾ ಅಮ್ಮಾ? ಇದಕ್ಕೆ ಮಿಷಿನ್ ಯಾಕೆ, ಅರದಲ್ಲೇ ಆಗುತ್ತೆ."

ಈ ಉತ್ತರ ಬಂದರೆ ಸರಿಯಾದ ಕೈಗೆ ಬಂದಿದ್ದೀರಿ ಅಂತ. ಮಿಷಿನ್ ತಪ್ಪಲ್ಲ, ಆದರೆ ಆ್ಯಂಗಲ್ ಗ್ರೈಂಡರ್‌ಗೆ ಡಿಸ್ಕ್ ಹಾಕಿ ಚಾಕುವಿನ ಹಿಡಿ ಉಜ್ಜುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದು ಸೆಕೆಂಡ್ ಜಾಸ್ತಿ ನಿಂತರೆ ಗುಂಡಿ ಬೀಳುತ್ತದೆ. ಪಟ್ಟಿ, ರಿವಿಟ್ ಬಿಸಿಯಾಗಿ ಒಳಗಿನ ಅಂಟು ಮೆತ್ತಗಾಗುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಅರ್ಥ, ಆ ಜಾಗದ ಗಡಸು ಹೋಯಿತು. ಹಿಡಿಯ ಒಳಗಾದರೆ ಚಿಂತೆಯಿಲ್ಲ, ಅಲಗಿನ ಬುಡಕ್ಕೆ ಬಂದರೆ ಅಲ್ಲಿ ಮೊದಲಿನ ಹಾಗೆ ಹರಿತ ನಿಲ್ಲುವುದಿಲ್ಲ. ಬೆಲ್ಟ್ ಸ್ಯಾಂಡರ್ ಪರವಾಗಿಲ್ಲ, ಆಗಾಗ ಕೈಯಿಂದ ಮುಟ್ಟಿ ನೋಡುತ್ತಾ, ಬಿಸಿಯಾದರೆ ನಿಲ್ಲಿಸಬೇಕು.

ಬೀದಿಯಲ್ಲಿ ಸೈಕಲ್ ಮೇಲೆ ಬರುವ ಸಾಣೆಯವರ ಹತ್ತಿರ ಹಿಡಿ ಕೆಲಸ ಮಾಡಿಸಬೇಡಿ. ಅವರ ಚಕ್ರ ಇರುವುದು ಉಕ್ಕಿಗೆ. ಮರ ಹಿಡಿದರೆ ಸುಟ್ಟು ಕಪ್ಪಾಗುತ್ತದೆ.

ಹೊಸ ಹಿಡಿ

ಅಲಗು ಚೆನ್ನಾಗಿದೆ, ಹಿಡಿ ಮಾತ್ರ ಯಾವ ರೀತಿಯಲ್ಲೂ ಕೈಗೆ ಒಗ್ಗುವುದಿಲ್ಲ, ಅಥವಾ ಹಳೆಯ ಮರ ಬಿರುಕು ಬಿಟ್ಟು ಪಟ್ಟಿಯ ಪಕ್ಕ ತುಕ್ಕು ಕಾಣುತ್ತಿದೆ. ಆಗ ಹೊಸ ಹಿಡಿ. ರಿವಿಟ್ ಚಾಕುವಿಗೆ ಇದರಿಂದ ಸಿಗುವ ಲಾಭ ಕಡಿಮೆ ಅಂತ ಗೊತ್ತಿರಲಿ. ಮರ ಹೊಸದಾದರೂ ಪಟ್ಟಿಯ ಎತ್ತರ ಹಳೆಯದೇ. ದಪ್ಪವನ್ನು ಮಾತ್ರ ನಿಮಗೆ ಬೇಕಾದ ಹಾಗೆ ಮಾಡಿಸಬಹುದು. ಒಳಗೆ ತೂರುವ ಬಗೆಯ ಚಾಕುವಿಗೆ ಮಾತ್ರ ಹೊಸ ಹಿಡಿ ನಿಜವಾಗಿ ಹೊಸ ಅಳತೆ.

ಅಳತೆ ಕೊಡುವುದು ಹೇಗೆ? ಒಂದು ಉಂಡೆ ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ನಾದಿ, ಪೆನ್ಸಿಲ್ ಸುತ್ತ ಮೆತ್ತಿ. ಚಾಕು ಹಿಡಿಯುವ ಹಾಗೆ ಒಮ್ಮೆ ಹಿಸುಕಿ ಬಿಡಿ. ಬೆರಳ ತುದಿಗಳು ಹೆಬ್ಬೆರಳಿನ ಬುಡಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟಿದ್ದರೆ ಆ ದಪ್ಪ ನಿಮ್ಮದು. ತಾಗಿ ಅಂಗೈಯೊಳಗೆ ಊರಿಕೊಂಡರೆ ಸಣ್ಣದಾಯಿತು. ಹಿಟ್ಟು ತೆಗೆದು ಹಾಕಿ ಸರಿ ಮಾಡಿ. ನಂತರ ಆ ಹಿಟ್ಟಿನ ಹಿಡಿಯ ಎತ್ತರ, ದಪ್ಪ, ಉದ್ದ ಬರೆದುಕೊಂಡು ಮರದ ಕೆಲಸದವರಿಗೆ ಕೊಡಿ. ಅಂದಾಜಿನಲ್ಲಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ಮರ ಯಾವುದು? ತೇಗ ಸುಲಭವಾಗಿ ಸಿಗುತ್ತದೆ, ನೀರನ್ನು ತಡೆಯುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಸಣ್ಣ ತುಂಡು ಕೇಳಬಹುದು. ಬೀಟೆ ಗಟ್ಟಿ, ಭಾರ, ನುಣುಪು. ಫರ್ನಿಚರ್ ಕೆಲಸದವರ ಹತ್ತಿರ ಉಳಿದ ತುಂಡು ಸಿಕ್ಕರೆ ಅದೃಷ್ಟ. ಎರಡರಲ್ಲೂ ಸಹಜವಾದ ಎಣ್ಣೆ ಇದೆ, ಅದು ಅಂಟನ್ನು ಹಿಡಿಯಲು ಬಿಡುವುದಿಲ್ಲ. ಅಂಟಿಸುವ ಮುಖವನ್ನು ಒರಟಾಗಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಬೇಕು. ಅಂಟು ಎರಡು ಟ್ಯೂಬಿನ ಅರಾಲ್ಡೈಟ್ ಇರಲಿ, ಐದು ನಿಮಿಷದಲ್ಲಿ ಗಟ್ಟಿಯಾಗುವುದಲ್ಲ, ರಾತ್ರಿಯಿಡೀ ಬಿಡುವ ಬಗೆ. ಮಾಮೂಲಿ ಬಿಳಿ ಫೆವಿಕಾಲ್ ನೀರಿಗೆ ನಿಲ್ಲುವುದಿಲ್ಲ.

ಚನ್ನಪಟ್ಟಣದ ಬಗ್ಗೆ ಹೇಳಲೇಬೇಕು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಬೊಂಬೆ ಮಾಡುವ ಹಾಲೆ ಮರ ನುಣುಪಾದ ಮರ, ನಾರು ಒತ್ತಾಗಿದೆ, ಕಡೆಯಲು ಸುಲಭ. ಲೇತ್ ಮೇಲೆ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಬಣ್ಣ ಹತ್ತುವ ಹಾಗೆ ಮಾಡುತ್ತಾರೆ, ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ನೋಡಲು ಅಂಥ ಹಿಡಿ ಮತ್ತೊಂದಿಲ್ಲ, ನನಗೂ ಬಹಳ ಇಷ್ಟ. ಆದರೆ ಅಡುಗೆ ಚಾಕುವಿಗೆ ಎರಡು ತೊಂದರೆ. ಅರಗು ಬಿಸಿ ನೀರಿಗೆ ಮೆತ್ತಗಾಗುತ್ತದೆ. ಮತ್ತೆ ಲೇತ್‌ನಲ್ಲಿ ಕಡೆದದ್ದು ಪೂರ್ತಿ ಗುಂಡಗಿರುತ್ತದೆ, ಗುಂಡು ಹಿಡಿ ಒದ್ದೆ ಕೈಯಲ್ಲಿ ಉರುಳುತ್ತದೆ, ಅಲಗು ಯಾವ ಕಡೆ ಅಂತ ಕೈಗೆ ತಿಳಿಯುವುದಿಲ್ಲ. ಕಡೆಸುವುದೇ ಆದರೆ ಬಣ್ಣವಿಲ್ಲದೆ ಕಡೆಸಿ, ಮನೆಗೆ ತಂದು ಎರಡೂ ಪಕ್ಕವನ್ನು ಸ್ವಲ್ಪ ಚಪ್ಪಟೆ ಮಾಡಿ. ಮೊಟ್ಟೆಯಾಕಾರ ಬಂದರೆ ಬಳಸಲು ಚೆನ್ನ. ಹಣ್ಣು ಹೆಚ್ಚುವ ಸಣ್ಣ ಚಾಕುವಿಗಾದರೆ ಬಣ್ಣ ಇರಲಿ, ಅದಕ್ಕೆ ಅಷ್ಟು ಬಲ ಬೀಳುವುದಿಲ್ಲ.

ಬೇರೆ ಚಾಕು ಕೊಳ್ಳುವುದು ಯಾವಾಗ ಸರಿ

ಚಾಕು ಅಗ್ಗದ್ದು, ಹಿಡಿ ಪ್ಲಾಸ್ಟಿಕ್, ಅಲಗೂ ನಿಮಗೆ ಉದ್ದ. ಹೀಗಿದ್ದರೆ ಸುಮ್ಮನೆ ಬೇರೆ ಕೊಳ್ಳಿ. ಚಿಕ್ಕ ಕೈಗೆ 165 ಮಿಮೀ ಆಸುಪಾಸಿನ ಸಾಂತೊಕು (ಅಗಲ ಅಲಗಿನ ಜಪಾನಿ ಅಡುಗೆ ಚಾಕು) ಅಥವಾ 6 ಇಂಚಿನ ಚಾಕು ಸಾಕಾಗುತ್ತದೆ. ಜಪಾನಿನ ಮರದ ಹಿಡಿಗಳು ತೂಕದಲ್ಲಿ ಹಗುರ, ಎಂಟು ಮುಖದವು ಚಿಕ್ಕ ಕೈಗೆ ಸಾಮಾನ್ಯವಾಗಿ ಒಗ್ಗುತ್ತವೆ. ಒಂದು ಕಡೆ ಮಾತ್ರ ಉಬ್ಬಿರುವ ಹಿಡಿಗಳೂ ಬರುತ್ತವೆ. ಅವು ಬಲಗೈಯವರಿಗೆ ಮಾಡಿದವು, ಎಡಗೈಯವರು ಕೇಳಿ ತೆಗೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ತರಿಸುವ ಬದಲು ಬಿವಿಕೆ ಅಯ್ಯಂಗಾರ್ ರಸ್ತೆ, ಚಿಕ್ಕಪೇಟೆ ಕಡೆಯ ಪಾತ್ರೆ ಅಂಗಡಿಗಳಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ. ಜೇಬಿನಲ್ಲಿ ದಾರ ಇರಲಿ.

ಉಜ್ಜಿದ ಮೇಲೆ

240 ನಂಬರ್ ಕಾಗದ ಆದ ಮೇಲೆ ಹಿಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮರದ ನಾರು ಎದ್ದು ಒರಟಾಗುತ್ತದೆ. ಮತ್ತೆ ಅದೇ ಕಾಗದದಿಂದ ಹಗುರವಾಗಿ ಉಜ್ಜಿ. ಇದನ್ನು ಈಗ ಮಾಡದಿದ್ದರೆ ಮೊದಲ ಸಲ ತೊಳೆದಾಗಲೇ ಹಿಡಿ ಮುಳ್ಳುಮುಳ್ಳಾಗುತ್ತದೆ. ಅದಕ್ಕಿಂತ ನುಣುಪು ಮಾಡಬೇಡಿ. ಗಾಜಿನಂಥ ಹೊಳಪು, ವಾರ್ನಿಷ್ ಒದ್ದೆ ಕೈಗೆ ಜಾರುತ್ತವೆ.

ಎಣ್ಣೆಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸಾಕು. ತೆಳ್ಳಗೆ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಿ. ಮರ ಕುಡಿಯುವುದನ್ನು ನಿಲ್ಲಿಸುವವರೆಗೆ ಹೀಗೇ ಮಾಡಿ. ಅದರಲ್ಲಿ ಜೇನುಮೇಣ ಕರಗಿಸಿ ಹಚ್ಚಿದರೆ ಇನ್ನೂ ಹೆಚ್ಚು ದಿನ ಬರುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದರಿಂದ ಅದೂ ಒಳ್ಳೆಯದೇ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿ ಎಸೆಯಿರಿ. ಕಡಲೆಕಾಯಿ ಎಣ್ಣೆ ಬೇಡ, ಅಂಟಂಟಾಗಿ ಜಿಡ್ಡು ನಾರುತ್ತದೆ.

ಬೆಂಗಳೂರಿನ ಹವೆಯನ್ನೂ ಗಮನದಲ್ಲಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಫೆಬ್ರವರಿ ಮಾರ್ಚ್ ಹೊತ್ತಿಗೆ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಪಟ್ಟಿಗೂ ಮರಕ್ಕೂ ಸಮ ಮಾಡಿದ ಹಿಡಿಯಲ್ಲಿ ಬೇಸಿಗೆಗೆ ಕಬ್ಬಿಣದ ಅಂಚು ಕೈಗೆ ತಾಗಲು ಶುರುವಾಗುತ್ತದೆ. ಆಯ್ಕೆ ಇದ್ದರೆ ಒಣ ತಿಂಗಳುಗಳಲ್ಲೇ ಉಜ್ಜಿ, ಮಳೆ ಶುರುವಾಗುವ ಮೊದಲು ಒಮ್ಮೆ ಎಣ್ಣೆ ಕುಡಿಸಿ. ಸಿಂಕ್‌ನಲ್ಲಿ ನೆನೆಸಿಡುವುದು, ಡಿಶ್‌ವಾಷರ್‌ಗೆ ಹಾಕುವುದು ಯಾವ ಮರದ ಹಿಡಿಗೂ ಆಗದು.

ಒಂದೇ ಚಾಕುವನ್ನು ಮನೆಯಲ್ಲಿ ಇಬ್ಬರು ಬಳಸುತ್ತಿದ್ದರೆ, ಒಬ್ಬರದು ದೊಡ್ಡ ಕೈ, ಇನ್ನೊಬ್ಬರದು ಚಿಕ್ಕದು, ಆಗ ಯಾರ ಅಳತೆ? ಚಿಕ್ಕ ಕೈಯದ್ದೇ. ದೊಡ್ಡ ಕೈಯವರು ಅಲಗಿನ ಬುಡ ಚಿವುಟಿ ಹಿಡಿದು ಸಣ್ಣ ಹಿಡಿಯಲ್ಲೂ ಆರಾಮಾಗಿ ಹೆಚ್ಚುತ್ತಾರೆ. ದಪ್ಪ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಕಾದ ಚಿಕ್ಕ ಕೈಗೆ ಆ ಅನುಕೂಲ ಇಲ್ಲ. ಮೂಲೆ ದುಂಡಗೆ ಮಾಡುವುದರಿಂದ ದೊಡ್ಡ ಕೈಗೆ ನಷ್ಟವೂ ಇಲ್ಲ, ಅವರಿಗೂ ಮೂಲೆ ಒತ್ತುತ್ತಲೇ ಇರುತ್ತದೆ. ಮೊದಲು ಅವರಿಂದಲೂ ಅಕ್ಕಿಹಿಟ್ಟಿನ ಪರೀಕ್ಷೆ ಮಾಡಿಸಿ. ಎರಡೂ ಕೈಗೆ ಬರಿದಾಗುವ ಜಾಗ ಒಂದೇ ಆಗಿದ್ದರೆ ಅಲ್ಲಿಂದಲೇ ಉಜ್ಜಲು ಶುರು ಮಾಡಿ.